ಗಂಡಿನ ಅಪ್ಪ ಪಂಕ್ತಿಯಿಂದ ಏಳಲಿಲ್ಲ

ಕಳೆದ ಸೋಮವಾರದಿಂದ ನಾನು ದಿನಾ ಬೆಳಗ್ಗೆ ನಮ್ಮ ಮನೆಯ ಗೋಡೆ ತಳ್ಳುತ್ತಿದ್ದೇನೆ.

ಹೌದು, ಗೋಡೆಯನ್ನೇ. ಎರಡೂ ಅಂಗೈ ಗೋಡೆಗೆ ಊರಿ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು, ಹಿಂದಿನ ಹಿಮ್ಮಡಿ ನೆಲ ಬಿಡದ ಹಾಗೆ ನಿಂತು, ಹಲ್ಲು ಕಚ್ಚಿ ತಳ್ಳುತ್ತೇನೆ. ಮೊದಲ ದಿನ ನಮಗೆ ಹಾಲು ಹಾಕುವ ಕಾಕತಿಯ ಮಲ್ಲಪ್ಪ ಇದನ್ನು ನೋಡಿ ಬಾಗಿಲಲ್ಲೇ ಗಾಬರಿಯಾಗಿ ನಿಂತ.

"ಯಾಕ್ರೀ ಮಾಸ್ತರ, ಗ್ವಾಡಿ ಬೀಳಾಕ ಹತ್ತೇತೇನ್ರಿ?"

ನಾನು ಉತ್ತರ ಕೊಡುವಷ್ಟರಲ್ಲಿ ಹಾಲಿನ ಕ್ಯಾನು ಕೆಳಗಿಟ್ಟು, ನನ್ನ ಪಕ್ಕಕ್ಕೆ ಬಂದು, ತಾನೂ ತಳ್ಳಲು ನಿಂತುಬಿಟ್ಟ. ಒಳ್ಳೆಯ ಮನುಷ್ಯ. ಅಷ್ಟರಲ್ಲಿ ಪಾತ್ರೆ ಹಿಡಿದು ಹೊರಗೆ ಬಂದ ನನ್ನ ಹೆಂಡತಿ ಸುಶೀಲಾ ಇಬ್ಬರನ್ನೂ ಒಂದು ಸಲ ನೋಡಿದಳು.

"ಮಲ್ಲಪ್ಪಾ, ಗ್ವಾಡಿ ಗಟ್ಟಿ ಐತಿ. ಬೀಳಾಕ ಹತ್ತಿದವ್ರು ಇವ್ರು. ನೀ ಹಾಲ ಹಾಕು" ಎಂದಳು.

ಐವತ್ತೈದು ವಯಸ್ಸಿನ ಗಣಿತದ ಮಾಸ್ತರ ಬೆಳಗಾಗೆದ್ದು ಯಾಕೆ ಗೋಡೆ ತಳ್ಳಬೇಕು? ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಸ್ವಲ್ಪ ನನ್ನ ಬಡಾಯಿ ಕೇಳಬೇಕಾಗುತ್ತದೆ.

ನಾನು ಓಟಗಾರ. (ಇದು ಗೊತ್ತಿಲ್ಲ ಎನ್ನುವವರು ಈ ಅಂಕಣ ಓದುವವರೇ ಅಲ್ಲ. ಯಾವ ವಿಷಯ ಬರೆದರೂ ಎಲ್ಲಾದರೂ ಒಂದು ಕಡೆ ಇದನ್ನು ತುರುಕದೆ ನನಗೆ ಸಮಾಧಾನವಿಲ್ಲ.) ನಲವತ್ತರ ಆಸುಪಾಸಿನಲ್ಲಿ ಹಿಡಿದ ಹುಚ್ಚು, ಇವತ್ತಿಗೂ ಬಿಟ್ಟಿಲ್ಲ. ಟಿಳಕವಾಡಿಯ ಮನೆಯಿಂದ ಹೊರಟು ಖಾನಾಪುರ ರಸ್ತೆ ಹಿಡಿದು ಪೀರನವಾಡಿ ಮುಟ್ಟಿ ತಿರುಗಿ ಬರುವುದು ನನ್ನ ನಿತ್ಯದ ಓಟ. ರಜೆಯ ದಿನ ಮಚ್ಛೆಯವರೆಗೆ.

ಹತ್ತು ಹದಿನೈದು ವರ್ಷದ ಹಿಂದೆ, ಎಪ್ಪತ್ತನೇ ಇಸವಿಯ ಆಚೀಚೆ, ನಮ್ಮ ಬೆಳಗಾವಿಯಲ್ಲಿ ಸುಮ್ಮಸುಮ್ಮನೆ ಓಡುವ ಮನುಷ್ಯನನ್ನು ಯಾರೂ ಕಂಡಿರಲಿಲ್ಲ. ಓಡಿದರೆ ಕ್ಯಾಂಪಿನ ಮಿಲಿಟರಿಯವರು ಓಡಬೇಕು, ಇಲ್ಲವೇ ಕಳ್ಳ ಓಡಬೇಕು. ಧೋತರ ಉಟ್ಟು ಶಾಲೆಗೆ ಹೋಗುವ ಮಾಸ್ತರ ಚಡ್ಡಿಯಲ್ಲಿ ಓಡುವುದೆಂದರೇನು? ಬಸ್ಸಿನವರು ನಿಲ್ಲಿಸಿ "ಹತ್ರೀ, ಹತ್ರೀ" ಎನ್ನುತ್ತಿದ್ದರು. ಪೀರನವಾಡಿಯಲ್ಲಿ ಒಬ್ಬ ಮರಾಠಿ ಅಜ್ಜಿ ಅಂಗಳ ಸಾರಿಸುತ್ತಿದ್ದವಳು ಎದ್ದು ನಿಂತು, "ಕಾಯ ಝಾಲಂ ಹೋ, ಮಾಸ್ತರ?" ಎಂದು ಕಳವಳದಿಂದ ಕೇಳಿದಳು. ಏನೂ ಆಗಿಲ್ಲ ಎಂದೆ. ಮರುದಿನವೂ ಕೇಳಿದಳು. ಎಂಟು ದಿನದ ಮೇಲೆ ಕೇಳುವುದು ಬಿಟ್ಟು ನನ್ನ ಹೆಂಡತಿಯ ಬಗ್ಗೆ ಮರುಕಪಡಲು ಶುರು ಮಾಡಿದಳಂತೆ.

ಇಷ್ಟು ವರ್ಷ ಓಡಿದೆ. ಆದರೆ ಓಡುವ ಮೊದಲಾಗಲೀ ಓಡಿದ ಮೇಲಾಗಲೀ ಒಂದು ದಿನ ಮೈ ಚಾಚಿದವನಲ್ಲ, ಬಗ್ಗಿದವನಲ್ಲ. ಅದೆಲ್ಲ ಕಸರತ್ತು ಮಾಡುವವರ ಕೆಲಸ. ನಾವು ಹಾಸಿಗೆಯಿಂದ ಎದ್ದೆವೋ, ಬೂಟು ಹಾಕಿದೆವೋ, ಓಡಿದೆವೋ!

ಈಚೆಗೆ ಒಂದೆರಡು ಸಣ್ಣ ಬದಲಾವಣೆ ಆಗಿದ್ದವು, ಸುಳ್ಳು ಯಾಕೆ ಹೇಳಲಿ. ಬೂಟಿನ ಲೇಸು ಕಟ್ಟಲು ಬಗ್ಗುವ ಬದಲು ಕಾಲನ್ನೇ ಕಿಟಕಿಯ ಕಟ್ಟೆಗೆ ಏರಿಸುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಅಡ್ಡಡ್ಡ ಇಳಿಯುತ್ತಿದ್ದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಕೈಯಿಂದ ಖಡು ಬಿದ್ದರೆ ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ, ಹೊಸ ಖಡು ತೆಗೆದುಕೊಳ್ಳುತ್ತಿದ್ದೆ. ಓಡುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ನಿಂತ ಮೇಲೆಯೇ ಗೊತ್ತಾಗುವುದು. ಹಾಗಾಗಿ ನಿಲ್ಲುವುದನ್ನೇ ಕಡಿಮೆ ಮಾಡಿದೆ. ಬುದ್ಧಿವಂತನಲ್ಲವೇ ನಾನು?

ಇಂಥ ಬುದ್ಧಿವಂತನ ಮಗನಿಗೆ ಹೆಣ್ಣು ನೋಡುವ ಕಾಲ ಬಂತು.

ಮಗ ಬಸವರಾಜ ಬೆಳಗಾವಿಯಲ್ಲೇ ಬ್ಯಾಂಕಿನ ಕ್ಲರ್ಕು. ಹೆಣ್ಣು ಖಾನಾಪುರದ್ದು. ಹುಡುಗಿಯ ತಂದೆ ಶಿವಲಿಂಗಪ್ಪನವರಿಗೆ ಅಲ್ಲಿನ ಪೇಟೆಯಲ್ಲಿ ಅಕ್ಕಿ, ಬೆಲ್ಲದ ಅಂಗಡಿ. ಮೆತ್ತನೆಯ ಮನುಷ್ಯ, ಚಹಾ ಕೊಡುವಾಗಲೂ ತಪ್ಪಾಯಿತೇನೋ ಎಂಬಂತೆ ಕೊಡುತ್ತಾರೆ. ಹುಡುಗಿ ಗಿರಿಜಾ ಅಪ್ಪನ ಹಾಗಲ್ಲ. ಬಿ.ಎ. ಮುಗಿಸಿದ್ದಾಳೆ. ಕಾಲೇಜಿನ ಖೋ ಖೋ ತಂಡದಲ್ಲಿ ಆಡಿದವಳು. ಎದುರಿಗೆ ಕೂತರೆ ನೆಟ್ಟಗೆ ಮುಖ ನೋಡಿ ಮಾತಾಡುವವಳು.

ಹೆಣ್ಣು ನೋಡಲು ಹೋದವರು ಹುಡುಗಿಗೆ ಪ್ರಶ್ನೆ ಕೇಳುವುದು ಪದ್ಧತಿ. ನಾನು ಪ್ರಶ್ನೆ ಬಿಟ್ಟು ನನ್ನ ಓಟದ ಪುರಾಣ ಬಿಚ್ಚಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳೇ ಪ್ರಶ್ನೆ ಹಾಕಿದಳು.

"ಸರ, ಓಡೂಕಿಂತ ಮೊದ್ಲ ಸ್ಟ್ರೆಚಿಂಗ್ ಮಾಡ್ತೀರೇನ್ರಿ?"

"ಏನದು?"

"ಅದ ರೀ, ತೊಡಿ, ಮೀನಖಂಡ ಎಳದು ಸಡಲ ಮಾಡೂದು. ವಯಸ್ಸಾದಂಗ ಅವು ಬಿಗೀತಾವ್ರಿ."

ವಯಸ್ಸಾದಂಗ! ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. "ಅಲ್ಲ ತಂಗಿ, ನಾಯಿ ಓಡೂಕಿಂತ ಮೊದ್ಲ ಎಕ್ಸರ್‌ಸೈಜ್ ಮಾಡತೈತೇನ?" ಎಂದೆ. ಎಲ್ಲರೂ ನಕ್ಕರು. ನಾನು ಗೆದ್ದೆ ಎಂದುಕೊಂಡೆ.

"ಮಾಡತೈತ್ರಿ" ಎಂದಳು ಹುಡುಗಿ. "ಎದ್ದ ಕೂಡ್ಲೇ ಮುಂಗಾಲ ಚಾಚಿ, ಬೆನ್ನ ಎಳದು, ಮೈ ಮುರದ ಮುಂದಕ್ಕ ಹೆಜ್ಜಿ ಇಡೂದು. ನೀವು ನೋಡಿಲ್ಲೇನ್ರಿ?"

ಶಿವಲಿಂಗಪ್ಪನವರ ಮುಖ ಬಿಳಿಚಿಕೊಂಡಿತು. ಸಂಬಂಧ ಇಲ್ಲಿಗೆ ಮುರಿಯಿತು ಎಂದೇ ಅವರು ತಿಳಿದರು. ನಾನೋ, ಈ ಹುಡುಗಿಯೇ ನಮ್ಮ ಸೊಸೆ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ. (ಸುಶೀಲಾ ಅದಕ್ಕೂ ಹತ್ತು ನಿಮಿಷ ಮೊದಲೇ ನಿಶ್ಚಯಿಸಿದ್ದಳಂತೆ.) ಕೊಡುವ ತೆಗೆದುಕೊಳ್ಳುವ ಮಾತು ನಮ್ಮಲ್ಲಿ ಇಲ್ಲ, ಅಕ್ಷತೆ ಹಾಕಿ ಹುಡುಗಿಯನ್ನು ಕಳಿಸಿಕೊಟ್ಟರೆ ಸಾಕು ಎಂದೂ ಹೇಳಿ ಬಂದೆ. ಶಿವಲಿಂಗಪ್ಪನವರು ಕೈಮುಗಿದರು. ಆದರೆ ನಂಬಿದರೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ.

ಕಳೆದ ಭಾನುವಾರ ಖಾನಾಪುರದಲ್ಲಿ ನಿಶ್ಚಯ ಕಾರ್ಯ. ಮನೆಯವರೆಲ್ಲ ಬೆಳಗಿನ ಪ್ಯಾಸೆಂಜರಿಗೆ ಹೋಗುವುದೆಂದಾಯಿತು. ನನಗೊಂದು ಭಾರೀ ಯೋಚನೆ ಹೊಳೆಯಿತು.

"ನೀವು ಟ್ರೇನಿಗೆ ಬರ್ರಿ. ನಾ ಓಡಿ ಬರ್ತೀನಿ."

ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿಗೆ ಕಡಿಮೆಯಿಲ್ಲ. ವಯಸ್ಸಾಯಿತು ಎಂದ ಹುಡುಗಿಗೆ ಬಾಯಲ್ಲಿ ಉತ್ತರ ಕೊಡುವುದಕ್ಕಿಂತ ಕಾಲಲ್ಲಿ ಕೊಡೋಣ ಎಂಬುದು ನನ್ನ ಲೆಕ್ಕ.

ಸುಶೀಲಾ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. "ಗಂಡಿನ ಅಪ್ಪ ಚಡ್ಡಿ ಹಾಕ್ಕೊಂಡು ಬೀಗರ ಮನಿಗೆ ಓಡ್ಕೋತ ಬಂದ ಅಂದ್ರ ಮಂದಿ ಏನಂದಾರು? ನಾಚಿಕಿ ಅನ್ನೂದು ಬ್ಯಾಡೇನ್ರಿ?"

"ಸ್ಟೇಶನ್ನಿನ್ಯಾಗ ಧೋತರ ಉಟ್ಕೊಂಡ ಬರ್ತೀನಿ. ಬಸೂನ ಕೈಯಾಗ ಬ್ಯಾಗ ಕೊಟ್ಟಿರು."

"ಸಾಯ್ರಿ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಓಡಿದೆ. ನಸುಕಿನಲ್ಲಿ ಹೊರಟು, ಮಚ್ಛೆ ದಾಟಿ, ದೇಸೂರು ದಾಟಿ, ಬಿಸಿಲೇರುವ ಹೊತ್ತಿಗೆ ಖಾನಾಪುರ ಮುಟ್ಟಿದೆ. ಎಂಥ ಓಟ ಅಂತೀರಿ! ಸ್ಟೇಶನ್ನಿನ ನಲ್ಲಿಯ ಕೆಳಗೆ ತಲೆ ಒಡ್ಡಿ, ವೇಟಿಂಗ್ ರೂಮಿನಲ್ಲಿ ಧೋತರ ಉಟ್ಟು, ಜುಬ್ಬಾ ಕೋಟು ತೊಟ್ಟು, ತಲೆಗೆ ಟೋಪಿ ಇಟ್ಟು ಹೊರಗೆ ಬಂದರೆ ಸಾಕ್ಷಾತ್ ಗಂಡಿನ ಅಪ್ಪ. ಅಲ್ಲೇ ಎರಡು ನಿಮಿಷ ನಿಂತು ಕಾಲು ಚಾಚಿಕೊಂಡಿದ್ದರೆ ಈ ವಾರದ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕಾಗುತ್ತಿತ್ತು.

ಬೀಗರ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಶಿವಲಿಂಗಪ್ಪನವರು ಕಾಲಿಗೆ ನೀರು ಕೊಡುತ್ತ ಎಲ್ಲರಿಗೂ ಕೇಳುವಂತೆ, "ಬೆಳಗಾವಿಂದ ಓಡಿ ಬಂದಾರ್ರಿ ನಮ್ಮ ಬೀಗರು!" ಎಂದರು. ಪಾರಿಶ್ವಾಡದಿಂದ ಬಂದಿದ್ದ ಅವರ ಕಾಕಾ ಅಡಿವೆಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಲ ಕಬ್ಬಣದ್ವು ಏನ್ರಿ?" ಎಂದರು. ನಾನು ನಕ್ಕೆ, ಅಷ್ಟೆ. ಹೊಗಳಿಸಿಕೊಳ್ಳುವಾಗ ಮಾತಾಡಬಾರದು.

ಕಾರ್ಯ ಮುಗಿಯುವವರೆಗೆ ನನಗೆ ಕುರ್ಚಿ ಹಾಕಿದ್ದರು. ಸಕ್ಕರೆ ಹಂಚಿದರು. ಎಲ್ಲ ಚಂದ ಆಯಿತು. ಆಮೇಲೆ ಊಟಕ್ಕೆ ಎಬ್ಬಿಸಿದರು.

ಪಡಸಾಲೆಯಲ್ಲಿ ಉದ್ದಕ್ಕೆ ಜಮಖಾನ ಹಾಸಿ ಎರಡು ಪಂಕ್ತಿ. ಮೊದಲನೆಯ ಎಲೆ ನನ್ನದು. ಬಾಜುಕ್ಕೆ ಮಗ, ಅವನ ಬಾಜುಕ್ಕೆ ನಮ್ಮ ಕಡೆಯ ಹಿರಿಯರು. ಹೆಂಗಸರು ಒಳಮನೆಯಲ್ಲಿ. ನಾನು ಗೋಡೆ ಹಿಡಿದು ಹೇಗೋ ಕೂತೆ, ಚಕ್ಕಳಮಕ್ಕಳ ಹಾಕಿದೆ. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ. ಅಷ್ಟು ದೂರ ಓಡಿದ ಹಸಿವು. ಬೀಗರ ಮನೆ ಎಂಬ ಸಂಕೋಚವನ್ನು ಬದಿಗಿಟ್ಟು ಉಂಡೆ.

ಊಟ ಮುಗಿಯಿತು. ಏಳೋಣ ಎಂದುಕೊಂಡೆ. ಸೊಂಟದಿಂದ ಕೆಳಗೆ ಯಾರೂ ನನ್ನ ಮಾತು ಕೇಳಲಿಲ್ಲ.

ತೊಡೆ ಬಿಗಿದು ಕಟ್ಟಿಗೆಯಾಗಿತ್ತು. ಎಡಗಾಲಿನ ಮೀನಖಂಡ ಗಂಟು ಕಟ್ಟಿಕೊಂಡು ತಾನೇ ತಾನಾಗಿ ಕುಣಿಯುತ್ತಿತ್ತು. ಒಂದು ಮೊಣಕಾಲು ಎತ್ತಲು ಹೋದರೆ ಕಣ್ಣಿಗೆ ಕತ್ತಲೆ ಬಂತು. ಇನ್ನೈದು ನಿಮಿಷ ಕೂತರೆ ಸಡಿಲವಾಗುತ್ತದೆ ಎಂದು ಸುಮ್ಮನೆ ಕೂತೆ.

ಈಗ ನಮ್ಮ ಕಡೆಯ ಪದ್ಧತಿ ಒಂದಿದೆ, ನಿಮಗೂ ಗೊತ್ತಿರುವುದೇ. ಪಂಕ್ತಿಯಲ್ಲಿ ಹಿರಿಯ ಬೀಗರು ಏಳುವತನಕ ಯಾರೂ ಏಳುವಂತಿಲ್ಲ. ಹೊಟ್ಟೆ ತುಂಬಿರಲಿ, ಕೈ ಒಣಗಲಿ, ಬಸ್ಸು ಹೋಗಲಿ, ಕೂತಿರಬೇಕು. ಎರಡೂ ಪಂಕ್ತಿ ಎಂಜಲು ಕೈ ಹಿಡಿದು ನನ್ನನ್ನೇ ನೋಡುತ್ತ ಕೂತಿತು. ಬಡಿಸುವವರು ನಾನು ಇನ್ನೂ ಉಣ್ಣುವವನೆಂದು ತಿಳಿದು ಮತ್ತೊಂದು ಹೋಳಿಗೆ ಹಾಕಿದರು. ಏಳಲು ಬರುವುದಿಲ್ಲ ಎಂದು ಹೇಳುವುದಕ್ಕಿಂತ ಹೋಳಿಗೆ ತಿನ್ನುವುದು ಸುಲಭ. ತಿಂದೆ. ಇನ್ನೊಂದು ಬಂತು. ಅದನ್ನೂ ತಿಂದೆ.

ಶಿವಲಿಂಗಪ್ಪನವರು ಬಂದರು. "ಬೀಗರ, ಏನರ ಕಡಿಮಿ ಆತೇನ್ರಿ?"

"ಛೇ ಛೇ, ಏನೂ ಇಲ್ಲ. ಹಿಂಗ ಸ್ವಲ್ಪ ಕುಂದ್ರೂಣು ಅನಿಸೇತಿ" ಎಂದೆ.

ಅಯ್ಯೋ ದೇವರೇ, ಈ ಭೂಮಿಯ ಮೇಲೆ ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಇದೇ! ಗಂಡಿನ ಕಡೆಯವರು ಸಿಟ್ಟಾದಾಗ ಹೇಳುವ ಮಾತೇ ಇದು. 'ಏನೂ ಇಲ್ಲ' ಎನ್ನುತ್ತಾರೆ, ಏಳುವುದಿಲ್ಲ. ಹೆಣ್ಣಿನ ಅಪ್ಪ ಬಂದು ಕಿವಿಯಲ್ಲಿ ಏನಾದರೂ ಒಪ್ಪಿಕೊಂಡ ಮೇಲೆ ಏಳುತ್ತಾರೆ. ಎಷ್ಟು ಮದುವೆಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ, ಕಂಡು ಎಷ್ಟು ಬೈದುಕೊಂಡಿದ್ದೇನೆ! ಕಾಲಿನ ಗಡಿಬಿಡಿಯಲ್ಲಿ ನನಗೆ ಅದು ಹೊಳೆಯಲೇ ಇಲ್ಲ.

ಅಡಿವೆಪ್ಪ ಕಾಕಾ ತಮ್ಮ ಅಣ್ಣನ ಮಗ ಶಿವಲಿಂಗಪ್ಪನವರನ್ನು ಕಂಬದ ಮರೆಗೆ ಕರೆದರು. ಪಿಸುಮಾತು ಎಂದು ಅವರು ತಿಳಿದದ್ದು ನನಗೆ ನೆಟ್ಟಗೆ ಕೇಳಿಸಿತು. "ಅವರೇನ್ ಬಾಯಿ ಬಿಟ್ಟ ಹೇಳಂಗಿಲ್ಲೋ ಶಿವಲಿಂಗಾ. ಓದಿದ ಮಂದಿ. ನಾವ ತಿಳ್ಕೊಬೇಕು. ನಮ್ಮ ಪಾರಿಶ್ವಾಡದಾಗ ಒಬ್ಬ ಬೀಗ ಹಿಂಗ ಕುಂತಾವ, ಕೈಗೆ ವಾಚ್ ಕಟ್ಟೂಮಟಾ ಏಳಲಿಲ್ಲ."

ಶಿವಲಿಂಗಪ್ಪನವರು ತಿರುಗಿ ಬಂದು ನನ್ನ ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. (ಎಷ್ಟು ಸಲೀಸಾಗಿ ಕೂತರು! ಹೊಟ್ಟೆಕಿಚ್ಚಾಯಿತು.) ಬೆವರು ಒರೆಸಿಕೊಂಡರು.

"ಬೀಗರ, ತಪ್ಪ ತಿಳೀಬ್ಯಾಡ್ರಿ. ಬಸವರಾಜಗ ಒಂದ ಸ್ಕೂಟರ್ ಕೊಡಬೇಕಂತ ಮನಸಿನ್ಯಾಗ ಇತ್ರಿ. ಹೇಳೂದ ಉಳದ ಬಿಡ್ತು. ನಾಳೆನ ಬುಕ್ ಮಾಡ್ತೀನ್ರಿ. ಏಳ್ರಿ."

ಸ್ಕೂಟರ್! ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ವಸ್ತು. ಶ್ರೀಮಂತರ ಮನೆಯ ಮುಂದೆ ನಿಲ್ಲುವ ವಸ್ತು. ಅಕ್ಕಿ, ಬೆಲ್ಲ ತೂಗುವ ಮನುಷ್ಯ ಎಲ್ಲಿಂದ ತಂದಾನು? ನನಗೆ ಮೈಯೆಲ್ಲ ಉರಿಯಿತು, ನಾಚಿಕೆಯಿಂದ. ಬಡಾಯಿ ಹಾಳಾಗಿ ಹೋಗಲಿ, ಇನ್ನು ನಿಜ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ.

"ಬೀಗರ, ಸ್ಕೂಟರ್ ಬ್ಯಾಡ ಏನ ಬ್ಯಾಡ. ಖರೇ ಹೇಳ್ತೀನಿ, ನನ್ನ ಕಾಲು ಹಿಡದಾವು. ಏಳಾಕ ಬರವಲ್ದು."

ಶಿವಲಿಂಗಪ್ಪನವರು ನನ್ನ ಮುಖ ನೋಡಿದರು. ಅಡಿವೆಪ್ಪ ಕಾಕಾ ಶಿವಲಿಂಗಪ್ಪನವರ ಮುಖ ನೋಡಿದರು. ಬೆಳಗಾವಿಯಿಂದ ಓಡಿ ಬಂದ ಕಬ್ಬಿಣದ ಕಾಲಿನ ಮನುಷ್ಯ, ಜಮಖಾನದ ಮೇಲಿಂದ ಏಳಲು ಬರುವುದಿಲ್ಲ ಎನ್ನುತ್ತಾನೆ. ನೀವಾದರೂ ನಂಬುತ್ತಿದ್ದಿರಾ?

"ಸ್ಕೂಟರ್ ಸಾಲೂದಿಲ್ಲ ಅಂತ ಅದರ ಅರ್ಥ" ಎಂದರು ಕಾಕಾ, ಈ ಸಲ ಪಿಸುಮಾತಿನ ಗೊಡವೆಗೂ ಹೋಗದೆ.

ನಾನು ಮಗನ ಕಡೆ ವಾಲಿದೆ. "ಬಸ್ಯಾ, ರಟ್ಟಿ ಹಿಡದು ಎತ್ತೋ ನನ್ನ."

ನನ್ನ ಮಗ, ನಾನು ಹೆತ್ತ ಮಗ, ದಿನಾ ಸೈಕಲ್ಲಿನ ಮೇಲೆ ಬ್ಯಾಂಕಿಗೆ ಹೋಗುವ ಮಗ, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ. "ಅಪ್ಪಾ, ಒಂದೀಟ ತಡೀರಿ. ಹೆಂಗೂ ಅವರ ಆಗಿ ಕೊಡಾಕ ಹತ್ಯಾರು."

ಅವನ ಮುಖ ನೋಡಿದೆ. ನಾನು ಬೇಕೆಂದೇ ಕೂತಿದ್ದೇನೆ ಎಂದು ಅವನೂ ತಿಳಿದಿದ್ದ! ಅಪ್ಪ ತನಗಾಗಿ ಸ್ಕೂಟರ್ ಗಿಟ್ಟಿಸುತ್ತಿದ್ದಾನೆ ಎಂದು ಅವನ ಕಣ್ಣಿನಲ್ಲಿ ಅಷ್ಟು ದಿನ ಕಾಣದ ಪಿತೃಭಕ್ತಿ ಇತ್ತು. ಎಂಜಲು ಕೈಯಲ್ಲೇ ಕಪಾಳಕ್ಕೆ ಹೊಡೆಯಬೇಕೆನಿಸಿತು. ಅದಕ್ಕೂ ಸೊಂಟ ತಿರುಗಬೇಕಲ್ಲ.

ಶಿವಲಿಂಗಪ್ಪನವರು ಕೈ ಜೋಡಿಸಿದರು. "ಇನ್ನೇನರ ಇದ್ರ ಹೇಳ್ರಿ, ಹೆಂಗರ ಮಾಡಿ ಕೊಡ್ತೀನಿ. ಸಕ್ಕರಿ ಹಂಚಿದ ಮ್ಯಾಲ ಹಿಂಗ ಮಾಡಬ್ಯಾಡ್ರಿ. ನನ್ನ ಮಗಳ ಕಿವಿಗೆ ಮಾತ್ರ ಬೀಳೂದ ಬ್ಯಾಡ. ಆಕಿ ಲಗ್ನನ ಒಲ್ಲೆ ಅಂತಾಳ."

ಮಗಳ ಕಿವಿಗೆ ಅಷ್ಟರಲ್ಲೇ ಬಿದ್ದಿತ್ತು. ಗಿರಿಜಾ ಒಳಮನೆಯ ಹೊಸ್ತಿಲು ದಾಟಿ ನೇರ ನನ್ನ ಮುಂದೆ ಬಂದು ನಿಂತಳು. ನಿಶ್ಚಯದ ಹೊಸ ಸೀರೆ, ಮುಖ ಮಾತ್ರ ಕೆಂಡ. ಅವಳ ಹಿಂದೆ ಬಾಗಿಲಲ್ಲಿ ಸುಶೀಲಾ. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಮಾವಾರ, ಏನ ಬೇಕಾಗೇತ್ರಿ ನಿಮಗ?"

ಮೂರು ತಿಂಗಳು ಅಲೆದು ಸಿಕ್ಕ ಸೊಸೆ, ಇಂಥವಳು ಸಿಗುವುದಿಲ್ಲ ಎಂದು ನಾನೇ ಮೆಚ್ಚಿದ ಸೊಸೆ, ಇನ್ನೊಂದು ಮಾತಿಗೆ ಕೈಬಿಟ್ಟು ಹೋಗುತ್ತಾಳೆ ಎಂದು ಗೊತ್ತಾಯಿತು.

"ಯವ್ವಾ, ನನಗೇನೂ ಬ್ಯಾಡ. ನಿನ್ನಾಣಿ, ಏಳಾಕ ಬರವಲ್ದು" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೆಳಗೆ, ಧೋತರದ ಅಂಚಿನಿಂದ ಹೊರಗಿದ್ದ ನನ್ನ ಎಡಪಾದ ನೋಡಿದಳು. ಬೆರಳು ಐದೂ ಸೊಟ್ಟಗೆ ಮುದುಡಿಕೊಂಡಿದ್ದವು. ಮೈದಾನದಲ್ಲಿ ಇಂಥ ಎಷ್ಟು ಕಾಲು ನೋಡಿದವಳು! ಅವಳ ಮುಖದ ಕೆಂಪು ಸರ್ರನೆ ಇಳಿಯಿತು. ತುಟಿಯ ತುದಿಯಲ್ಲಿ ನಗೆ ಬಂದದ್ದನ್ನು ನಾನೊಬ್ಬನೇ ಕಂಡೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲೆ ಪಕ್ಕಕ್ಕೆ ಸರಿಸಿ, ಮೊಣಕಾಲೂರಿ ಕೂತು, ಎರಡೂ ಕೈಯಿಂದ ನನ್ನ ಪಾದ ಹಿಡಿದಳು. ಕಾಲನ್ನು ಮುಂದಕ್ಕೆ ಚಾಚಿಸಿ, ಹಿಮ್ಮಡಿ ಒಂದು ಕೈಯಲ್ಲಿ ಹಿಡಿದು, ಬೆರಳುಗಳನ್ನು ಇನ್ನೊಂದು ಕೈಯಿಂದ ನನ್ನ ಕಡೆಗೆ ಒತ್ತಿದಳು. ನನಗೆ ನಕ್ಷತ್ರ ಕಂಡವು.

"ಆಹಾ!" ಎಂದರು ಹಿಂದಿನ ಪಂಕ್ತಿಯಿಂದ ಯಾರೋ. "ನೋಡ್ರಿ, ಎಂಥಾ ಸಂಸ್ಕಾರ! ಮಾವನ ಪಾದ ಹಿಡದ ಬೇಡ್ಕೊಳ್ಳಾಕ ಹತ್ತೇತಿ ಹುಡುಗಿ!"

"ಬಿಡ್ರಿ ಬಿಡ್ರಿ, ಉಸುರ ಬಿಡ್ರಿ, ಬಿಗಿ ಹಿಡೀಬ್ಯಾಡ್ರಿ" ಎಂದಳು ಅವಳು ಮೆಲ್ಲಗೆ, ನನಗಷ್ಟೇ ಕೇಳುವಂತೆ. "ಈಗ ಆ ಕಾಲು. ಮೊದ್ಲ ಹೇಳಿದ್ದೆ ಇಲ್ರಿ?"

"ಹೇಳಿದ್ದಿವ್ವಾ, ಹೇಳಿದ್ದಿ. ಸಾವಕಾಶ!"

ಗಂಟು ನಿಧಾನಕ್ಕೆ ಬಿಟ್ಟಿತು. ಅವಳ ಹೆಗಲ ಮೇಲೆ ಕೈಯಿಟ್ಟು, ನನ್ನ ಮಗನಿಗಿಂತ ಗಟ್ಟಿಯಾದ ಆ ಹೆಗಲ ಮೇಲೆ ಭಾರ ಬಿಟ್ಟು, ಎದ್ದು ನಿಂತೆ. ನನ್ನ ಹಿಂದೆ ಎರಡೂ ಪಂಕ್ತಿ ದಡಬಡ ಎದ್ದು ಕೈತೊಳೆಯಲು ಓಡಿತು. ಪಾಪ, ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದರೋ.

ಕೈತೊಳೆದು ಬಂದವರನ್ನೆಲ್ಲ ನಿಲ್ಲಿಸಿ ನಾನು ಗಟ್ಟಿಯಾಗಿ ಹೇಳಿದೆ. ಸ್ಕೂಟರ್ ಬೇಡ, ವಾಚು ಬೇಡ, ಉಂಗುರ ಬೇಡ. ನನಗೆ ವಯಸ್ಸಾಗಿದೆ, ಕಾಲು ಹಿಡಿದಿತ್ತು, ಇದಕ್ಕಿಂತ ಹೆಚ್ಚು ಏನೂ ಇಲ್ಲ. ಜೀವನದಲ್ಲಿ ಮೊದಲ ಸಲ 'ನನಗೆ ವಯಸ್ಸಾಗಿದೆ' ಎಂದು ಹತ್ತು ಜನರ ಮುಂದೆ ಹೇಳಿದ್ದು. ನಾಲಿಗೆ ಸುಟ್ಟಂತಾಯಿತು.

ಅಡಿವೆಪ್ಪ ಕಾಕಾ ಕಣ್ಣು ಒದ್ದೆ ಮಾಡಿಕೊಂಡರು. "ದೊಡ್ಡ ಮನಸ ಅಂದ್ರ ಇದು. ಹುಡುಗಿ ಕಾಲ ಹಿಡದ ಕೂಡ್ಲೇ ಸ್ಕೂಟರ್ ಬಿಟ್ರು. ನಮ್ಮ ಮರ್ಯಾದಿ ಉಳಸಾಕ ತಾವ ಮುದುಕ ಅಂತ ಸುಳ್ಳ ಹೇಳಾಕ ಹತ್ಯಾರ!"

ಅಂದರೆ ನೋಡಿ. ಅವರಿಗೆ ಈಗಲೂ ನಂಬಿಕೆಯಿಲ್ಲ.

ಹೊರಡುವ ಮೊದಲು ಗಿರಿಜಾ ನನ್ನನ್ನು ಹಿತ್ತಲಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಹೇಗೆ ತಳ್ಳಬೇಕು, ಎಷ್ಟು ಹೊತ್ತು ತಡೆಯಬೇಕು ಎಂದು ತೋರಿಸಿಕೊಟ್ಟಳು. ಮೂವತ್ತು ವರ್ಷ ಪಾಠ ಹೇಳಿದವನು ಹುಡುಗನ ಹಾಗೆ ಹೇಳಿಸಿಕೊಂಡೆ. "ದಿನಾ ಮಾಡ್ರಿ ಮಾವಾರ. ಲಗ್ನದಾಗ ಬಹಳ ಹೊತ್ತ ಕುಂದ್ರೂದು ಐತಿ" ಎಂದಳು. ಬಸವರಾಜ ಅಲ್ಲೇ ಸುಳಿದಾಡುತ್ತಿದ್ದ. ಅವನ ಕಡೆ ತಿರುಗಿ, "ಸೈಕಲ್ ಹೊಡೀರಿ. ತೊಡಿಗೆ ಚಲೋ" ಎಂದಳು. ಸುಶೀಲಾ ಬಾಯಿಗೆ ಸೆರಗು ಹಿಡಿದು ನಕ್ಕಳು.

ಸಂಜೆಯ ಗಾಡಿಗೆ ನಮ್ಮನ್ನು ಕಳಿಸಲು ಶಿವಲಿಂಗಪ್ಪನವರು ಸ್ಟೇಶನ್ನಿಗೆ ಬಂದರು. ಹೆಂಗಸರು ಬೆಂಚಿನ ಮೇಲೆ ಕೂತ ಮೇಲೆ ನನ್ನ ತೋಳು ಹಿಡಿದು ಪ್ಲಾಟ್‌ಫಾರ್ಮಿನ ತುದಿಗೆ ಕರೆದೊಯ್ದರು. ಆಚೀಚೆ ನೋಡಿದರು.

"ಬೀಗರ, ಈಗ ಯಾರೂ ಇಲ್ಲ. ಖರೇ ಹೇಳ್ರಿ. ಸ್ಕೂಟರ್ ಯಾವ ಬಣ್ಣದ್ದು ಬೇಕು?"

ಮೊದಲು ಸಿಟ್ಟು ಬಂತು. ಆಮೇಲೆ ಅವರ ಮುಖ ನೋಡಿ ಸಿಟ್ಟು ಇಳಿಯಿತು. ಆ ಮನುಷ್ಯ ಮಧ್ಯಾಹ್ನದಿಂದ ಹೆದರಿ ಹೆದರಿ ಸೋತಿದ್ದ. ಇನ್ನು ಮಾತಿನಿಂದ ಉಪಯೋಗವಿಲ್ಲ ಎನಿಸಿತು. ನಾನು ಕೋಟು ಕಳಚಿ ಅವರ ಕೈಗೆ ಕೊಟ್ಟೆ. ಟೋಪಿ ಕೊಟ್ಟೆ. ಪ್ಲಾಟ್‌ಫಾರ್ಮಿನ ಮೇಲೆ ಕಾಲು ಜೋಡಿಸಿ ನೆಟ್ಟಗೆ ನಿಂತು, ಎರಡೂ ಕೈ ಮೇಲೆತ್ತಿ, ಮೊಣಕಾಲು ಮಡಚದೆ, ಪಾದ ಮುಟ್ಟಲು ಬಗ್ಗಿದೆ.

ಕೈ ಮೊಣಕಾಲಿನ ಹತ್ತಿರ ಬಂದು ನಿಂತುಬಿಟ್ಟಿತು. ಕೆಳಗೆ ಹೋಗಲಿಲ್ಲ. ಟಿಕೆಟ್ ಕಲೆಕ್ಟರ್ ನಿಂತು ನೋಡಿದ. ಬುಟ್ಟಿ ಹೊತ್ತ ಇಬ್ಬರು ಹೆಂಗಸರು ನಿಂತು ನೋಡಿದರು.

"ಒತ್ರಿ" ಎಂದೆ, ತಲೆ ಕೆಳಗೆ ಮಾಡಿಕೊಂಡೇ. "ಬೆನ್ನ ಮ್ಯಾಲ ಕೈ ಇಟ್ಟ ಒತ್ತಿ ನೋಡ್ರಿ."

ಶಿವಲಿಂಗಪ್ಪನವರು ಅಳುಕುತ್ತ ಒಂದು ಕೈ ಇಟ್ಟರು. ಒತ್ತಿದರು. ನಾನು ಜಗ್ಗಲಿಲ್ಲ. ಕೋಟು ಟೋಪಿ ಕಂಕುಳಲ್ಲಿ ಇರುಕಿಕೊಂಡು ಎರಡೂ ಕೈ ಹಾಕಿ ಒತ್ತಿದರು, ಅಂಗಡಿಯಲ್ಲಿ ಅಕ್ಕಿಯ ಚೀಲ ಒತ್ತುವಂತೆ. "ಅಯ್ಯಯ್ಯೋ!" ಎಂದು ನಾನು ಕೂಗಿಕೊಂಡದ್ದು ಇಡೀ ಸ್ಟೇಶನ್ನಿಗೆ ಕೇಳಿಸಿತು.

"ಅಯ್ ಶಿವನ!" ಎಂದರು ಶಿವಲಿಂಗಪ್ಪನವರು. "ಖರೇನ ಬಗ್ಗೂದಿಲ್ಲಲ್ರೀ!"

ನಗಲು ಶುರು ಮಾಡಿದರು. ನಗುತ್ತ ನಗುತ್ತ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಕಣ್ಣಿಂದ ನೀರು ಇಳಿಯತೊಡಗಿತು, ಧೋತರದ ಚುಂಗಿನಿಂದ ಒರೆಸಿಕೊಂಡರು, ಮತ್ತೆ ಇಳಿಯಿತು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ನಾನು ಮುದುಕನಾದದ್ದು ಖಾತ್ರಿಯಾಗಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ.

ಗಂಡಿನ ಅಪ್ಪ ಸ್ಕೂಟರಿಗಾಗಿ ಕೂತಿದ್ದಾನೆ ಎಂದರೆ ಕೂತಲ್ಲೇ ನಂಬುವ ಜನ, ಅವನ ಕಾಲು ಹಿಡಿದಿದೆ ಎಂದರೆ ಬೆನ್ನು ಒತ್ತಿ ನೋಡಿದ ಮೇಲೆಯೇ ನಂಬುವಂತೆ, ನಾವು ಗಂಡಿನ ಅಪ್ಪಂದಿರು ಇಷ್ಟು ವರ್ಷ ಏನು ಮಾಡಿಟ್ಟಿದ್ದೇವೆ, ಹೇಳಿ?